ವ್ಯಸನವೂ ಚಿಕಿತ್ಸೆಯ ಸಾಮೀಪ್ಯವೂ

2020ನೆಯ ಇಸವಿಯ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಇತರ ಅಂಗಡಿಗಳೊಡನೆ ಮದ್ಯದ ಅಂಗಡಿಗಳೂ ಬಾಗಿಲು ಹಾಕಿಕೊಂಡು, ಮೇ 4ರವರೆಗೆ ಹಾಗೆಯೇ ಇದ್ದುವು. ಇಂದಿನ ಯಾವ ವೈದ್ಯಕೀಯ ನೀತಿಸಮಿತಿಯೂ ಒಪ್ಪಿಗೆ ಕೊಡದಂಥ ಒಂದು ಪ್ರಯೋಗವು ಆ ನಲವತ್ತು ದಿನಗಳಲ್ಲಿ ತಾನಾಗಿಯೇ ನಡೆದುಹೋಯಿತು. ಹತ್ತಿಪ್ಪತ್ತು ವರ್ಷ ತಪ್ಪದೆ ಕುಡಿಯುತ್ತ ಬಂದಿದ್ದವರೂ, ವಾರಕ್ಕೊಮ್ಮೆ ಸ್ನೇಹಿತರೊಡನೆ ಕುಳಿತು ಕುಡಿಯುತ್ತಿದ್ದವರೂ, ಯಾವ ಪೂರ್ವಸಿದ್ಧತೆಯೂ ಇಲ್ಲದೆ, ಒಂದೇ ಆಜ್ಞೆಯಿಂದ ಮದ್ಯಕ್ಕೆ ಎರವಾದರು. ಎರಡನೆಯ ವರ್ಗದವರಿಗೆ ಸ್ವಲ್ಪ ಬೇಸರವಾದುದರ ಹೊರತು ಬೇರೇನೂ ಆಗಲಿಲ್ಲ. ಮೊದಲನೆಯ ವರ್ಗದವರಲ್ಲಿ ಅನೇಕರು ಎರಡು ಮೂರು ದಿನಗಳೊಳಗೆ ಫಿಟ್ಸ್ ಬಂದೋ, ಹಗಲು ರಾತ್ರಿಗಳ ಪರಿವೆ ತಪ್ಪಿಯೋ, ಗೋಡೆಯ ಮೇಲೆ ಇಲ್ಲದ ಹುಳುಗಳನ್ನು ಕಂಡು ಬೆದರಿಯೋ ಆಸ್ಪತ್ರೆಗಳ ತುರ್ತು ವಿಭಾಗಗಳನ್ನು ಸೇರಿದರು. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಇಂಥ ರೋಗಿಗಳ ಸಂಖ್ಯೆ ಆಗ ಥಟ್ಟನೆ ಏರಿದುದನ್ನು ನಿಮ್ಹಾನ್ಸ್‌ನ ವೈದ್ಯರು ದಾಖಲಿಸಿ ಪ್ರಕಟಿಸಿದ್ದಾರೆ. ಬಾಟಲಿ ಸಿಗದಂತೆ ಮಾಡಿಬಿಟ್ಟರೆ ಕುಡುಕನು ತಾನಾಗಿ ನೆಟ್ಟಗಾಗುವನೆಂಬ ಹಳೆಯ ನಂಬಿಕೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವು ಬೇಕಿರಲಿಲ್ಲ. ಆದರೂ ಆ ನಂಬಿಕೆ ಇನ್ನೂ ಅಳಿದಿಲ್ಲ.

ಈ ಅಧ್ಯಾಯದಲ್ಲಿ ವಿಚಾರಿಸಹೊರಟಿರುವ ಪ್ರಶ್ನೆ ಮೇಲುನೋಟಕ್ಕೆ ವಿಜ್ಞಾನದ್ದೆಂದು ತೋರಲಾರದು. ಮನೆಯಲ್ಲೊಬ್ಬನಿಗೆ ಕುಡಿತವೋ ಮತ್ತಾವುದಾದರೂ ಅಮಲುಪದಾರ್ಥವೋ ಅಂಟಿಕೊಂಡಿದೆ. ಅವನನ್ನು ಎಲ್ಲಿಗೆ ಕರೆದೊಯ್ಯತಕ್ಕದ್ದು? ಸಾಮಾನ್ಯವಾಗಿ ಮನೆಯವರು ಹುಡುಕುವುದು ದೂರದ ಸ್ಥಳವನ್ನು. ನೆಂಟರ ಕಣ್ಣಿಗೆ ಬೀಳದಿರಲಿ, ಹಳೆಯ ಗೆಳೆಯರ ಸಹವಾಸ ತಪ್ಪಲಿ, ಆರು ತಿಂಗಳು ಅಲ್ಲಿಯೇ ಇರಿಸಿಕೊಂಡು ಪೂರ್ತಿ ಗುಣಪಡಿಸಿ ಕಳಿಸಿಕೊಡಲಿ ಎಂಬ ಆಶಯದಲ್ಲಿ ನಾಚಿಕೆಯೂ ಇದೆ, ಪ್ರೀತಿಯೂ ಇದೆ, ಆ ವೇಳೆಗೆ ಹೇಗೂ ಎಲ್ಲರನ್ನೂ ಆವರಿಸಿಕೊಂಡಿರುವ ದಣಿವೂ ಇದೆ. ಆದಕಾರಣ ಅದನ್ನು ಹಗುರವಾಗಿ ತಳ್ಳಿಹಾಕುವುದು ತರವಲ್ಲ. ಆದರೆ ವ್ಯಸನದ ವಿಷಯದಲ್ಲಿ ಮಿದುಳಿನ ನಡತೆಯನ್ನು ಕಳೆದ ಎಪ್ಪತ್ತು ವರ್ಷಗಳಲ್ಲಿ ಅರಿತವರು ಕೊಡುವ ಸಲಹೆ ಬಹುಮಟ್ಟಿಗೆ ಇದಕ್ಕೆ ಪ್ರತಿಕೂಲವಾದದ್ದು. ಚಿಕಿತ್ಸೆಯ ಸ್ಥಳವು ಮನೆಗೆ ಎಷ್ಟು ಹತ್ತಿರವಿದೆಯೆಂಬುದು ಅನುಕೂಲದ ಮಾತು ಮಾತ್ರವಾಗಿರದೆ ಚಿಕಿತ್ಸೆಯ ಒಂದು ಅಂಗವೇ ಆಗಿದೆಯೆಂದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯ ಕಾರಣ ಕಾಲಗಣನೆಗೆ ಸಂಬಂಧಿಸಿದ್ದು. ಮದ್ಯಸಾರದ ಅಣು ಬಹು ಚಿಕ್ಕದು. ರಕ್ತಕ್ಕೂ ಮಿದುಳಿಗೂ ನಡುವೆ ಇರುವ ತಡೆಯನ್ನು ಅದು ನಿರಾಯಾಸವಾಗಿ ದಾಟುತ್ತದೆ. ನರಕೋಶಗಳ ಸ್ಪಂದನವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುವುದೂ, ಅವುಗಳನ್ನು ಕೆರಳಿಸುವ ಗ್ಲುಟಮೇಟಿನ ಪ್ರಭಾವವನ್ನು ಕುಗ್ಗಿಸುವುದೂ ಅಲ್ಲಿ ಅದು ಮಾಡುವ ಮುಖ್ಯ ಕೆಲಸ. ಕುಡಿದವನ ನಾಲಗೆ ತೊದಲುವುದಕ್ಕೂ ಸಂಕೋಚ ಸಡಿಲುವುದಕ್ಕೂ ಕೊನೆಗೆ ನಿದ್ದೆ ಕವಿಯುವುದಕ್ಕೂ ಇದೇ ಮೂಲ. ಆದರೆ ಮಿದುಳು ತನ್ನ ಸಮತೋಲವನ್ನು ಬಿಟ್ಟುಕೊಡುವ ಅಂಗವಲ್ಲ. ದಿನದಿನವೂ ಹೊರಗಿನಿಂದ ಶಾಮಕವಸ್ತುವೊಂದು ಬಂದು ಬೀಳುತ್ತಿದ್ದರೆ, ಅದು ಗಾಬಾವನ್ನು ಗ್ರಹಿಸುವ ಗ್ರಾಹಕಗಳನ್ನು ಮಂದಗೊಳಿಸಿ, ಗ್ಲುಟಮೇಟನ್ನು ಗ್ರಹಿಸುವ ಗ್ರಾಹಕಗಳನ್ನು ಹೆಚ್ಚಿಸಿಕೊಂಡು, ಮದ್ಯದ ಎದುರು ಹಗ್ಗಜಗ್ಗಾಟಕ್ಕೆ ನಿಂತವನಂತೆ ಹಿಂದಕ್ಕೆ ಎಳೆಯತೊಡಗುತ್ತದೆ. ಮೊದಲು ಎರಡು ಪೆಗ್ಗಿಗೆ ಏರುತ್ತಿದ್ದ ಅಮಲು ಈಗ ಕ್ವಾರ್ಟರಿಗೂ ಏರುವುದಿಲ್ಲವೆಂದು ಕುಡುಕರು ಕೊಂಚ ಹೆಮ್ಮೆಯಿಂದಲೇ ಹೇಳಿಕೊಳ್ಳುವುದುಂಟು; ಅವರು ವರ್ಣಿಸುತ್ತಿರುವುದು ಈ ಸಮಬಲದ ಸ್ಥಿತಿಯನ್ನು. ಹೀಗಿರುವಾಗ ಮದ್ಯದ ಕಡೆಯವರು ಹಗ್ಗವನ್ನು ಒಮ್ಮೆಗೇ ಕೈಬಿಟ್ಟರೆ ಎದುರುಗಡೆಯವನ ಪಾಡೇನಾಗುವುದೆಂಬುದನ್ನು ಊಹಿಸಬಹುದು.

ಕೊನೆಯ ಗುಟುಕಿನ ತರುವಾಯ ಆರೇಳು ಗಂಟೆಗಳಲ್ಲಿ ಕೈನಡುಕ, ಬೆವರು, ವಾಕರಿಕೆ, ಎದೆಬಡಿತಗಳು ತೋರುತ್ತವೆ. ಬೆಳಗ್ಗೆ ಎದ್ದೊಡನೆ ಒಂದು ಪ್ಯಾಕೆಟ್ ಮದ್ಯಕ್ಕಾಗಿ ಬಾಗಿಲು ತೆರೆಯದ ಅಂಗಡಿಯ ಮುಂದೆ ಕಾದು ನಿಲ್ಲುವವನು ಸುಖವನ್ನು ಅರಸಿ ಬಂದವನಲ್ಲ, ರಾತ್ರಿಯ ನಿದ್ದೆಯಲ್ಲಿ ಕಳೆದ ಆ ಕೆಲವು ಗಂಟೆಗಳ ಫಲವಾಗಿ ಬಂದವನು. ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಲ್ಲಿ ಕಾಣಿಸಿಕೊಳ್ಳುವ ಉಗ್ರಾವಸ್ಥೆಗೆ, ಎಂದರೆ ಜ್ವರ, ನಡುಕ, ದಿಗ್ಭ್ರಮೆ, ಭಯಂಕರವಾದ ಮಿಥ್ಯಾದರ್ಶನಗಳು ಒಟ್ಟುಗೂಡಿದ ಸ್ಥಿತಿಗೆ, ಥಾಮಸ್ ಸಟನ್ ಎಂಬ ಆಂಗ್ಲ ವೈದ್ಯನು 1813ರಲ್ಲಿ ‘ಡೆಲಿರಿಯಮ್ ಟ್ರೆಮೆನ್ಸ್’ ಎಂದು ಹೆಸರಿಟ್ಟನು. ಆದಾಗ್ಯೂ ಇದು ಕುಡಿತದ ಪರಿಣಾಮವೋ ಕುಡಿತವನ್ನು ನಿಲ್ಲಿಸಿದುದರ ಪರಿಣಾಮವೋ ಎಂಬ ವಿವಾದ ಒಂದು ಶತಮಾನಕ್ಕೂ ಮೀರಿ ನಡೆದು, ಅಮೆರಿಕದ ಲೆಕ್ಸಿಂಗ್ಟನ್ ನಗರದ ಆಸ್ಪತ್ರೆಯಲ್ಲಿ ಹ್ಯಾರಿಸ್ ಇಸ್ಬೆಲ್ ಮತ್ತು ಅವನ ಸಹೋದ್ಯೋಗಿಗಳು 1955ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ತೀರ್ಮಾನವಾಯಿತು. ಅಲ್ಲಿ ಕೆಲವರಿಗೆ ಪುಷ್ಟಿಕರವಾದ ಆಹಾರವನ್ನೂ ಜೀವಸತ್ತ್ವಗಳನ್ನೂ ಕೊಡುತ್ತಲೇ ವಾರಗಟ್ಟಲೆ ಮದ್ಯವನ್ನು ಕುಡಿಸಿ, ಬಳಿಕ ಥಟ್ಟನೆ ನಿಲ್ಲಿಸಲಾಯಿತು; ಒಂದೂವರೆ ತಿಂಗಳಿಗೂ ಮೀರಿ ಕುಡಿದವರಲ್ಲಿ ಫಿಟ್ಸೂ ಚಿತ್ತಭ್ರಮೆಯೂ ಕಾಣಿಸಿಕೊಂಡುವು. ಪ್ರಯೋಗಕ್ಕೆ ಒಡ್ಡಿಕೊಂಡವರು ಹಿಂದೆ ಮಾರ್ಫೀನಿನ ಚಟಕ್ಕೆ ಒಳಗಾಗಿದ್ದ ಕೈದಿಗಳು. ವಿಜ್ಞಾನಕ್ಕೆ ಈ ಜ್ಞಾನ ದೊರಕಿದ ಬಗೆಯನ್ನು ಕುರಿತು ಮೆಚ್ಚಿ ಮಾತನಾಡುವುದು ಕಷ್ಟ.

ಚಿಕಿತ್ಸೆಯಿಲ್ಲದಿದ್ದ ಕಾಲದಲ್ಲಿ ಈ ಉಗ್ರಾವಸ್ಥೆಗೆ ಸಿಕ್ಕಿದವರಲ್ಲಿ ಮೂವರಿಗೊಬ್ಬನಂತೆ ಸಾಯುತ್ತಿದ್ದುದೂ ಉಂಟು. ಈಗ ಆ ಪ್ರಮಾಣ ನೂರಕ್ಕೆ ಐದಕ್ಕಿಂತ ಕಡಿಮೆ. ಕ್ಲೋರ್‌ಡಯಜೆಪಾಕ್ಸೈಡ್, ಡಯಜೆಪಾಮ್ ಮೊದಲಾದ ಮಾತ್ರೆಗಳು ಮದ್ಯವು ನಿಂತ ಜಾಗದಲ್ಲಿಯೇ ನಿಂತು ಗಾಬಾದ ಕೆಲಸಕ್ಕೆ ಒತ್ತಾಸೆ ಕೊಡುವುದರಿಂದ, ಅವನ್ನು ಮೊದಲ ದಿನ ಸಾಕಷ್ಟು ಕೊಟ್ಟು ವಾರದೊಳಗಾಗಿ ಕ್ರಮಕ್ರಮವಾಗಿ ಇಳಿಸಿ ನಿಲ್ಲಿಸಿದರೆ ನರವ್ಯೂಹವು ಅಪಘಾತವಿಲ್ಲದೆ ತನ್ನ ಸ್ಥಾನಕ್ಕೆ ಮರಳುತ್ತದೆ. ಯಕೃತ್ತು ಕೆಟ್ಟವರಿಗೆ ಲೊರಜೆಪಾಮ್ ಲೇಸು. ಇದರೊಡನೆ ಮರೆಯಲಾಗದ ಇನ್ನೊಂದು ವಸ್ತು ಥಯಮಿನ್ ಎಂಬ ಬಿ-1 ಜೀವಸತ್ತ್ವ. ಊಟ ಬಿಟ್ಟು ಕುಡಿಯುತ್ತಿದ್ದವನ ದೇಹದಲ್ಲಿ ಇದರ ಸಂಗ್ರಹ ಬರಿದಾಗಿರುತ್ತದೆ. ಹಳ್ಳಿಯಲ್ಲಿ ಯಾರಾದರೂ ಸುಸ್ತಾಗಿ ಮಲಗಿದರೆ ‘ಒಂದು ಬಾಟ್ಲಿ ಗ್ಲೂಕೋಸ್ ಏರಿಸಿಬಿಡಿ ಡಾಕ್ಟ್ರೇ’ ಎಂದು ಕೇಳುವ ವಾಡಿಕೆಯಷ್ಟೆ. ಸಕ್ಕರೆಯನ್ನು ದಹಿಸಲು ಬೇಕಾಗುವ ಥಯಮಿನ್ನೇ ಇಲ್ಲದ ಮಿದುಳಿಗೆ ಬರಿಯ ಗ್ಲೂಕೋಸನ್ನು ಹರಿಸಿದರೆ ಉಳಿದಿದ್ದ ಅಲ್ಪಸ್ವಲ್ಪವೂ ವ್ಯಯವಾಗಿ, 1881ರಲ್ಲಿ ಕಾರ್ಲ್ ವೆರ್ನಿಕೆ ವರ್ಣಿಸಿದ ರೋಗ ತಲೆದೋರಬಹುದು. ಕಣ್ಣುಗುಡ್ಡೆ ಹೊರಳದೆ, ಕಾಲು ನೆಲೆನಿಲ್ಲದೆ, ಮನಸ್ಸು ಮಸುಕಾಗುವ ಈ ರೋಗವನ್ನು ಅಲಕ್ಷಿಸಿದರೆ ಸ್ಮರಣಶಕ್ತಿಯೇ ಶಾಶ್ವತವಾಗಿ ಹೋಗಬಹುದು. ಮೊದಲು ಥಯಮಿನ್ ಚುಚ್ಚುಮದ್ದು, ಆಮೇಲೆ ಗ್ಲೂಕೋಸು, ಎಂಬ ಕ್ರಮವನ್ನು ಬಲ್ಲ ವೈದ್ಯನೊಬ್ಬನು ರಾತ್ರಿಯ ಹೊತ್ತಿನಲ್ಲೂ ಸಿಕ್ಕುವ ಸ್ಥಳವು ಮನೆಯಿಂದ ಎಷ್ಟು ದೂರದಲ್ಲಿದೆಯೆಂಬುದನ್ನು ಮನೆಯವರು ಮುಂಚಿತವಾಗಿಯೇ ವಿಚಾರಿಸಿಕೊಂಡಿರತಕ್ಕದ್ದು.

ಅಯ್ಯಪ್ಪಸ್ವಾಮಿಯ ಮಾಲೆ ಧರಿಸಿದೊಡನೆ ಮದ್ಯವನ್ನು ಮುಟ್ಟದೆ ಮಂಡಲವ್ರತವನ್ನು ಪೂರೈಸುವವರು ನಮ್ಮಲ್ಲಿ ಸಹಸ್ರಾರು ಮಂದಿ ಇದ್ದಾರೆ. ಆ ಸಂಕಲ್ಪಬಲವನ್ನು ಗೌರವಿಸುತ್ತಲೇ, ನಿತ್ಯವೂ ಬೆಳಗ್ಗೆ ಕುಡಿಯದಿದ್ದರೆ ಕೈ ನಡುಗುವಂಥವರು ಮಾಲೆಗೆ ಮುಂಚೆ ವೈದ್ಯರನ್ನೊಮ್ಮೆ ಕಂಡು ಬರುವುದು ವ್ರತಕ್ಕೆ ಭಂಗವಲ್ಲವೆಂದು ಗುರುಸ್ವಾಮಿಗಳು ಹೇಳಿದರೆ ಎಷ್ಟೋ ಉಪಕಾರವಾದೀತು.

ಹಾಗೆಂದು ಕುಡಿಯುವವರೆಲ್ಲರನ್ನೂ ಆಸ್ಪತ್ರೆಯಲ್ಲಿ ಮಲಗಿಸಬೇಕಾಗಿಲ್ಲ. ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದವರು, ವಯಸ್ಸಾದವರು, ಯಕೃತ್ತು ಅಥವಾ ಹೃದಯದ ಕಾಯಿಲೆಯುಳ್ಳವರು, ಗರ್ಭಿಣಿಯರು, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದವರು, ಆತ್ಮಹತ್ಯೆಯ ಮಾತನಾಡುವವರು, ಇವರು ಒಳರೋಗಿಗಳಾಗಿ ಇರತಕ್ಕದ್ದು. ಉಳಿದವರಲ್ಲಿ ಬಹುಮಂದಿ ದಿನ ಬಿಟ್ಟು ದಿನ ಹೊರರೋಗಿ ವಿಭಾಗಕ್ಕೆ ಬಂದು, ಮಾತ್ರೆಗಳನ್ನು ಹೆಂಡತಿಯೋ ತಾಯಿಯೋ ಕೈಯಾರೆ ಕೊಟ್ಟು, ಮನೆಯಲ್ಲಿದ್ದುಕೊಂಡೇ ಈ ವಾರವನ್ನು ದಾಟಬಲ್ಲರು. ತನ್ನ ಕುಡಿತ ಯಾವ ಮಟ್ಟದ್ದೆಂದು ತಾನೇ ಅಳೆದುಕೊಳ್ಳಲು ಬಯಸುವವನಿಗೆ ವಿಶ್ವ ಆರೋಗ್ಯ ಸಂಸ್ಥೆಯು ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯಿದೆ. ಒಟ್ಟು 40 ಅಂಕಗಳಲ್ಲಿ 8ನ್ನು ಮುಟ್ಟಿದರೆ ವೈದ್ಯರೊಡನೆ ಮಾತನಾಡುವುದು ಮೇಲು, 20ನ್ನು ಮುಟ್ಟಿದರೆ ತಡಮಾಡಲಾಗದು.

ಇಂಥ ಚಿಕಿತ್ಸೆ ಎಷ್ಟು ಜನಕ್ಕೆ ದೊರಕಿದೆ? ದೆಹಲಿಯ ಏಮ್ಸ್‌ನ ವ್ಯಸನಚಿಕಿತ್ಸಾ ಕೇಂದ್ರವು ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಸುಮಾರು 16 ಕೋಟಿ ಜನ ಮದ್ಯವನ್ನು ಸೇವಿಸುತ್ತಾರೆ, ಇವರಲ್ಲಿ 5.7 ಕೋಟಿ ಜನರ ಕುಡಿತ ಹಾನಿಯ ಮಟ್ಟವನ್ನೋ ಅವಲಂಬನೆಯ ಮಟ್ಟವನ್ನೋ ಮುಟ್ಟಿದೆ. ಮದ್ಯಕ್ಕೆ ದಾಸರಾದವರಲ್ಲಿ ಯಾವುದಾದರೊಂದು ಬಗೆಯ ಚಿಕಿತ್ಸೆ ಪಡೆದವನು 38 ಜನಕ್ಕೆ ಒಬ್ಬ. ಒಳರೋಗಿಯಾಗಿ ಚಿಕಿತ್ಸೆ ಪಡೆದವನು 180 ಜನಕ್ಕೆ ಒಬ್ಬ. ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯೂ ಮದ್ಯವ್ಯಸನಿಗಳಲ್ಲಿ ಶೇಕಡ 86ರಷ್ಟು ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆಂದು ಲೆಕ್ಕಹಾಕಿತು. ಎರಡು ಸಮೀಕ್ಷೆಗಳ ಅಳತೆಗೋಲುಗಳು ಬೇರೆಯಾದುದರಿಂದ ಅಂಕಿಗಳು ಹೊಂದುವುದಿಲ್ಲ; ಚಿತ್ರ ಮಾತ್ರ ಒಂದೇ.

ಈ ಅಂತರವು ಔಷಧದ ಅಭಾವದಿಂದ ಉಂಟಾದುದಲ್ಲ. ಮೇಲೆ ಹೇಳಿದ ಮಾತ್ರೆಗಳು ಅಗ್ಗವಾದುವು, ಹಳೆಯವು. ಅವನ್ನು ಕೊಡುವ ಬಾಗಿಲು ಎಲ್ಲಿದೆಯೆಂದು ಜನಕ್ಕೆ ತಿಳಿಯದು, ತಿಳಿದರೂ ಆ ಬಾಗಿಲಿಗೆ ‘ಹುಚ್ಚಾಸ್ಪತ್ರೆ’ ಎಂಬ ಹೆಸರು ಅಂಟಿರುವುದರಿಂದ ಕಾಲೆತ್ತಿ ಹೋಗಲು ಮನಸ್ಸು ಬಾರದು. ಕರ್ನಾಟಕದವರು ಈ ವಿಷಯದಲ್ಲಿ ಸ್ವಲ್ಪ ಪುಣ್ಯವಂತರು. ಮನೋರೋಗದ ಚಿಕಿತ್ಸೆಯನ್ನು ನಗರದ ಗೋಡೆಗಳೊಳಗಿನಿಂದ ಬಿಡಿಸಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯನ ಕೈಗೆ ಕೊಡಬಹುದೆಂಬುದನ್ನು ನಿಮ್ಹಾನ್ಸ್ ಮೊದಲು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿಯೂ, ಅನಂತರ 1985ರಿಂದ ಬಳ್ಳಾರಿ ಜಿಲ್ಲೆಯಾದ್ಯಂತವೂ ಆಚರಿಸಿ ತೋರಿಸಿತು; ಆ ಬಳ್ಳಾರಿಯ ಮಾದರಿಯನ್ನೇ ಆಧರಿಸಿ ಕೇಂದ್ರ ಸರ್ಕಾರವು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಇಂದು ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಅವರು ತಾಲ್ಲೂಕು ಆಸ್ಪತ್ರೆಗಳಿಗೂ ಗೊತ್ತಾದ ದಿನ, ಸಾಮಾನ್ಯವಾಗಿ ಮಂಗಳವಾರ, ಬಂದು ಹೋಗುತ್ತಾರೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಧಾರವಾಡದಲ್ಲಿ ಹತ್ತೊಂಬತ್ತನೆಯ ಶತಮಾನದ ಹಳೆಯ ಆಸ್ಪತ್ರೆಯಿಂದ ಬೆಳೆದುಬಂದ ಡಿಮ್ಹಾನ್ಸ್ ಇದೆ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನಚಿಕಿತ್ಸೆಗೆಂದೇ ಪ್ರತ್ಯೇಕವಾದ ಕೇಂದ್ರವಿದೆ. ಇವಲ್ಲದೆ ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಸಹಾಯಧನದಿಂದ ಸ್ವಯಂಸೇವಾ ಸಂಸ್ಥೆಗಳು ನಡೆಸುವ ಪುನರ್ವಸತಿ ಕೇಂದ್ರಗಳುಂಟು. ಇವುಗಳಲ್ಲಿ ತನ್ನ ಊರಿಗೆ ಸಮೀಪವಾದುದು ಯಾವುದೆಂದು ತಿಳಿಯಲು ಎರಡು ದೂರವಾಣಿ ಸಂಖ್ಯೆಗಳನ್ನು ನೆನಪಿಟ್ಟರೆ ಸಾಕು: ಮಾದಕವ್ಯಸನಕ್ಕೆಂದೇ ಮೀಸಲಾದ 14446, ಮತ್ತು 2022ರ ಅಕ್ಟೋಬರ್ 10ರಂದು ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416. ಎರಡನೆಯದು ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿ ಮಾತನಾಡಬಹುದು, ಕುಡಿಯುವವನೇ ಕರೆಯಬೇಕೆಂದಿಲ್ಲ; ‘ನಮ್ಮ ಯಜಮಾನರು ಹೀಗೆ ಮಾಡ್ತಾರೆ, ಏನು ಮಾಡಲಿ’ ಎಂದು ಹೆಂಡತಿಯೂ ಕೇಳಬಹುದು.

ಯಜಮಾನರು ಬರಲೊಲ್ಲರೆಂದಾದಾಗ ಹೆಂಡತಿಯ ಕಣ್ಣಿಗೆ ಬೀಳುವುದು ಗೋಡೆಯ ಮೇಲಿನ ಇನ್ನೊಂದು ಬಗೆಯ ಜಾಹೀರಾತು: ಕುಡಿಯುವವನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿಕೊಟ್ಟು ಕುಡಿತ ಬಿಡಿಸುವ ಪುಡಿಯದು. ಅಂಥ ಪುಡಿಗಳಲ್ಲಿ ಇರುವುದೇನೆಂದು ಮಾರುವವನು ಹೇಳುವುದಿಲ್ಲ. ಔಷಧದಂಗಡಿಯ ಡೈಸಲ್ಫಿರಾಮ್ ಮಾತ್ರೆಯನ್ನೇ ಪುಡಿಮಾಡಿ ಸಾರಿನಲ್ಲಿ ಬೆರೆಸುವ ಮನೆಗಳೂ ಇವೆ. ಈ ಔಷಧದ ಕಥೆ ಸ್ವಾರಸ್ಯವಾದದ್ದು. ಮೂಲತಃ ಅದು ರಬ್ಬರ್ ಉದ್ಯಮದ ರಾಸಾಯನಿಕ. ಅದರ ಸಂಪರ್ಕದಲ್ಲಿ ದುಡಿಯುವವರಿಗೆ ಮದ್ಯ ಒಗ್ಗುವುದಿಲ್ಲವೆಂಬುದನ್ನು 1937ರಲ್ಲಿಯೇ ಅಮೆರಿಕದ ಕಾರ್ಖಾನೆಯ ವೈದ್ಯನೊಬ್ಬನು ಗಮನಿಸಿದ್ದನು. ಮುಂದೆ ಕೋಪನ್‌ಹೇಗನ್ನಿನಲ್ಲಿ ಯೆನ್ಸ್ ಹಾಲ್ಡ್, ಎರಿಕ್ ಯಾಕೋಬ್ಸನ್ ಎಂಬ ಇಬ್ಬರು ಸಂಶೋಧಕರು ಹೊಟ್ಟೆಯ ಹುಳುವಿಗೆ ಮದ್ದಾದೀತೆಂದು ಅದನ್ನು ಪರೀಕ್ಷಿಸುತ್ತ, ತಾವೇ ನುಂಗಿ ನೋಡಿ, ಆಮೇಲೆ ಮದ್ಯ ಕುಡಿದಾಗ ಮುಖ ಕೆಂಪೇರಿ ಎದೆ ಹೊಡೆದುಕೊಂಡು ಅಸ್ವಸ್ಥರಾದರು. ಮದ್ಯವ್ಯಸನಕ್ಕೆ ಇದು ಔಷಧವಾದೀತೆಂದು 1948ರಲ್ಲಿ ಪ್ರಕಟಿಸಿದರು. ಮದ್ಯಸಾರವು ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿಯೂ, ಅನಂತರ ನಿರುಪದ್ರವಿಯಾದ ಅಸಿಟೇಟ್ ಆಗಿಯೂ ಮಾರ್ಪಡುವುದು. ಡೈಸಲ್ಫಿರಾಮ್ ಎರಡನೆಯ ಹೆಜ್ಜೆಯನ್ನು ತಡೆಯುವುದರಿಂದ ವಿಷವು ರಕ್ತದಲ್ಲಿ ಶೇಖರವಾಗುತ್ತದೆ. ಇದನ್ನು ನುಂಗಿದ್ದೇನೆ, ಕುಡಿದರೆ ಹೀಗಾಗುವುದು ಎಂಬ ಅರಿವೇ ಇದರ ಔಷಧಗುಣ. ಆ ಅರಿವನ್ನು ಕಿತ್ತುಹಾಕಿ ಗುಟ್ಟಾಗಿ ತಿನ್ನಿಸಿದರೆ ಉಳಿಯುವುದು ವಿಷಪ್ರಯೋಗ ಮಾತ್ರ. ದುರ್ಬಲ ಹೃದಯದವನಿಗೆ ಅದರಿಂದ ಪ್ರಾಣಾಪಾಯವೂ ಆಗಬಹುದು. ಬರಲೊಲ್ಲದವನ ಮನೆಯವರು ತಾವಾದರೂ ವೈದ್ಯರ ಬಳಿಗೆ ಹೋಗಿ ಮಾತನಾಡಿದರೆ, ಮೊದಲ ಭೇಟಿ ಅವನಿಲ್ಲದೆಯೇ ನಡೆದೀತು.

ಇನ್ನು ಎರಡನೆಯ ಕಾರಣಕ್ಕೆ ಬರುತ್ತೇನೆ. ದೇಹದಿಂದ ಮದ್ಯ ಇಳಿದು, ನಡುಕ ನಿಂತು, ಹಸಿವು ಮರಳಿದ ಎಂಟನೆಯ ದಿನ ಮನೆಯವರು ರೋಗ ವಾಸಿಯಾಯಿತೆಂದು ಸಂತೋಷಪಡುತ್ತಾರೆ; ವಾಸ್ತವವಾಗಿ ಅಲ್ಲಿಗೆ ಮುಗಿದಿರುವುದು ಪೀಠಿಕೆ, ಬಯಕೆ ಮಿದುಳಿನಲ್ಲಿ ಉಳಿದೇ ಇರುತ್ತದೆ. ಮಂಗಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳನ್ನು ಆಲಿಸುತ್ತಿದ್ದ ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ 1990ರ ದಶಕದಲ್ಲಿ ಒಂದು ವಿಚಿತ್ರವನ್ನು ಕಂಡನು: ಮೊದಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಸ್ಪಂದಿಸುತ್ತಿದ್ದ ಆ ಕೋಶಗಳು, ರಸಕ್ಕೆ ಮುಂಚೆ ಒಂದು ದೀಪವು ಬೆಳಗುವುದು ರೂಢಿಯಾದ ಬಳಿಕ, ರಸವನ್ನು ಉಪೇಕ್ಷಿಸಿ ದೀಪಕ್ಕೇ ಸ್ಪಂದಿಸತೊಡಗಿದುವು. ವ್ಯಸನಿಯ ವಿಷಯದಲ್ಲಿ ಆ ದೀಪವೆಂದರೆ ಸಂಜೆ ಆರು ಗಂಟೆ, ಬಸ್‌ನಿಲ್ದಾಣದ ಪಕ್ಕದ ಬಾರಿನ ಬಣ್ಣದ ಫಲಕ, ಕೂಲಿಯ ದುಡ್ಡು ಕೈಗೆ ಬೀಳುವ ಶನಿವಾರ, ಹುರಿಗಡಲೆಯ ವಾಸನೆ. ತಿಂಗಳಾನುಗಟ್ಟಲೆ ಕುಡಿಯದೆ ಇದ್ದವನನ್ನೂ ಈ ಸಂಜ್ಞೆಗಳು ತಿರುಗಿ ಎಳೆಯಬಲ್ಲುವು.

ವಿಯೆಟ್ನಾಮಿನಿಂದ ಮರಳಿದ ಅಮೆರಿಕನ್ ಸೈನಿಕರನ್ನು ಕುರಿತು ಲೀ ರಾಬಿನ್ಸ್ ನಡೆಸಿದ ಅಧ್ಯಯನ ಈ ಪ್ರಸಂಗದಲ್ಲಿ ಅವಶ್ಯವಾಗಿ ಸ್ಮರಣೆಗೆ ಬರುತ್ತದೆ. ಅಲ್ಲಿದ್ದಾಗ ಐವರಲ್ಲೊಬ್ಬನಂತೆ ಹೆರಾಯಿನ್ ಅಥವಾ ಅಫೀಮಿಗೆ ದಾಸನಾಗಿದ್ದನು. ಅಂಥವರಲ್ಲಿ ತಾಯ್ನಾಡಿಗೆ ಮರಳಿದ ಮೊದಲ ವರ್ಷದಲ್ಲಿ ಪುನಃ ದಾಸರಾದವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ. 1970ರ ದಶಕದಲ್ಲಿ ಇದನ್ನು ನಂಬಲು ಅನೇಕರು ಸಿದ್ಧರಿರಲಿಲ್ಲ. ಆದರೆ ಆ ಸೈನಿಕನ ಅದೃಷ್ಟವೇನೆಂದರೆ, ಅವನ ಹೆರಾಯಿನ್ ಇದ್ದದ್ದು ಸಾಗರದಾಚೆ, ಅವನ ಮನೆ ಇದ್ದದ್ದು ಇನ್ನೊಂದು ಖಂಡದಲ್ಲಿ. ನಮ್ಮ ದಾವಣಗೆರೆಯ ಹಮಾಲಿಯ ಸ್ಥಿತಿ ಇದಕ್ಕೆ ತದ್ವಿರುದ್ಧ: ಅವನು ಕುಡಿಯುವುದನ್ನು ಕಲಿತದ್ದು ತನ್ನ ಬೀದಿಯಲ್ಲಿ, ಚಿಕಿತ್ಸೆಗೆಂದು ಕಳಿಸುವುದು ದೂರದ ಕೇಂದ್ರಕ್ಕೆ, ಕಡೆಗೆ ಮರಳಬೇಕಾದದ್ದು ಅದೇ ಬೀದಿಗೆ. ದೂರದ ಗೋಡೆಗಳ ಒಳಗೆ ಮದ್ಯವಿಲ್ಲದಿರಲು ಅವನು ಏನನ್ನೂ ಕಲಿಯಬೇಕಾಗಿಲ್ಲ, ಏಕೆಂದರೆ ಅಲ್ಲಿ ಫಲಕವಿಲ್ಲ, ಶನಿವಾರದ ಕೂಲಿಯಿಲ್ಲ. ಮಿದುಳು ಹಳೆಯ ಸಂಜ್ಞೆಗಳಿಗೆ ಹೊಸ ಉತ್ತರ ಕೊಡುವುದನ್ನು ಕಲಿಯಬೇಕಾದದ್ದು ಆ ಸಂಜ್ಞೆಗಳ ಎದುರಿನಲ್ಲಿಯೇ. ಈ ಶನಿವಾರ ಸೋತರೆ ಮಂಗಳವಾರ ಹೋಗಿ ಹೇಳಿಕೊಳ್ಳಬಹುದಾದಷ್ಟು ಸಮೀಪದಲ್ಲಿ ವೈದ್ಯನೋ ಆಪ್ತಸಮಾಲೋಚಕನೋ ಇರುವಾಗ.

ಸೋಲೂ ಅಪರೂಪವಲ್ಲ. ಥಾಮಸ್ ಮೆಕ್‌ಲೆಲನ್ ಮತ್ತು ಸಹಲೇಖಕರು 2000ನೆಯ ಇಸವಿಯಲ್ಲಿ ವ್ಯಸನವನ್ನು ರಕ್ತದೊತ್ತಡ, ಮಧುಮೇಹ, ಆಸ್ತಮಾಗಳೊಡನೆ ಹೋಲಿಸಿ ನೋಡಿ, ಚಿಕಿತ್ಸೆಯ ಬಳಿಕ ಒಂದು ವರ್ಷದೊಳಗೆ ಮರುಕಳಿಸುವ ಪ್ರಮಾಣ ವ್ಯಸನದಲ್ಲಿ ಶೇಕಡ 40ರಿಂದ 60ರವರೆಗೆ ಇರುವುದನ್ನೂ, ರಕ್ತದೊತ್ತಡ ಹಾಗೂ ಆಸ್ತಮಾಗಳಲ್ಲಿ ಅದಕ್ಕಿಂತ ಕಡಿಮೆಯೇನೂ ಇಲ್ಲದಿರುವುದನ್ನೂ ತೋರಿಸಿದರು. ಬಿ.ಪಿ. ಏರಿತೆಂದು ಯಾರನ್ನೂ ಯಾರೂ ಮನೆಯಿಂದ ಹೊರಗೆ ಹಾಕುವುದಿಲ್ಲ. ಮಾತ್ರೆ ಬದಲಾಯಿಸಿಕೊಂಡು ಬರಲು ಹೇಳುತ್ತಾರೆ. ಬಯಕೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಮಾತ್ರೆಗಳು ವ್ಯಸನಕ್ಕೂ ಇವೆ. ಇವನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುವುದರಿಂದ, ಪ್ರತಿ ಬಾರಿಯೂ ನಾಲ್ಕು ಬಸ್ಸು ಬದಲಾಯಿಸಬೇಕಾದವನು ಮೂರನೆಯ ತಿಂಗಳಿಗೆ ಬಿಡುವುದು ಖಂಡಿತ.

ಔಷಧವಿಲ್ಲದ ದಾರಿಗಳ ಬಗ್ಗೆ ವಿಜ್ಞಾನದ ಪುಸ್ತಕಗಳು ಮೌನವಾಗಿರುವುದು ವಾಡಿಕೆ. ಅದು ಉಚಿತವಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವನ್ನು ವೈದ್ಯರು ಬಹುಕಾಲ ಭಜನೆಯ ಗುಂಪೆಂದು ಕಡೆಗಣಿಸಿದ್ದರು; ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿನೋಡಿ 2020ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆಯು, ಕ್ರಮಬದ್ಧವಾಗಿ ಈ ಕೂಟಗಳಿಗೆ ಸೇರಿಸುವ ಚಿಕಿತ್ಸೆಯು ಸಂಪೂರ್ಣ ವರ್ಜನೆಯ ಮಟ್ಟಿಗೆ ಇತರ ಮನಶ್ಚಿಕಿತ್ಸೆಗಳಿಗಿಂತ ಹೆಚ್ಚು ಫಲಕಾರಿಯೆಂದು ಕಂಡುಕೊಂಡಿತು. ನಮ್ಮಲ್ಲಿ ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ಊರೂರಿನ ಕಲ್ಯಾಣಮಂಟಪ, ಸಮುದಾಯ ಭವನಗಳಲ್ಲಿ ನಡೆಸುತ್ತ ಬಂದಿರುವ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನೋಡದ ಜಿಲ್ಲೆ ವಿರಳ. ಎಂಟು ದಿನಗಳಲ್ಲಿ ಭಜನೆಯೂ ಯೋಗವೂ ಉಪನ್ಯಾಸವೂ ಕುಡಿತ ಬಿಟ್ಟವರ ಸ್ವಾನುಭವವೂ ಇರುತ್ತವೆ. ಕಡೆಯ ಹಂತದಲ್ಲಿ ಹೆಂಡಿರು ಮಕ್ಕಳೂ ಬಂದು ಸೇರುತ್ತಾರೆ. ನನಗೆ ಶಿಬಿರಕ್ಕಿಂತ ಹೆಚ್ಚು ಮುಖ್ಯವೆಂದು ತೋರುವುದು ಶಿಬಿರದ ಬಳಿಕ ಅದೇ ಊರಿನಲ್ಲಿ ಕೂಡುತ್ತಿರುವ ‘ನವಜೀವನ ಸಮಿತಿ’. ತಾನು ಕುಡಿದು ಬಿದ್ದಿದ್ದ ಬೀದಿಯಲ್ಲಿಯೇ, ತಾನು ಬಿದ್ದುದನ್ನು ಕಂಡವರ ನಡುವೆಯೇ, ಇನ್ನೊಂದು ಹೆಸರಿನಿಂದ ಗುರುತಿಸಲ್ಪಡುವ ಅವಕಾಶವನ್ನು ಅದು ಒದಗಿಸುತ್ತದೆ. ಇದನ್ನು ದೂರದ ಯಾವ ಕೇಂದ್ರವೂ ಮಾಡಿಕೊಡಲಾರದು. ನಡುಕವೂ ಫಿಟ್ಸೂ ಬರಬಹುದಾದವನನ್ನು ಮಾತ್ರ ವೈದ್ಯರ ಪರೀಕ್ಷೆಯಿಲ್ಲದೆ ಶಿಬಿರಕ್ಕೆ ಕುಳ್ಳಿರಿಸಲಾಗದು.

ದೂರದ ಕೇಂದ್ರಗಳೆಲ್ಲ ಕೆಟ್ಟವೆಂದು ಇದರ ತಾತ್ಪರ್ಯವಲ್ಲ. ಚೆನ್ನೈಯ ಅಡ್ಯಾರಿನಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಆರಂಭಿಸಿದ ಸಂಸ್ಥೆಯು ರೋಗಿಯೊಡನೆ ಮನೆಯವರನ್ನೂ ಚಿಕಿತ್ಸೆಗೆ ಕೂರಿಸುವ ಕ್ರಮಕ್ಕೆ ದೇಶದಲ್ಲಿಯೇ ಮೇಲ್ಪಂಕ್ತಿಯಾಯಿತು. ಆದರೆ ಮನೆಯವರಿಂದ ಮುಂಗಡ ಹಣ ಪಡೆದು, ನಾಲ್ವರು ಧಾಂಡಿಗರನ್ನು ಕಳಿಸಿ, ಮಲಗಿದ್ದವನನ್ನು ವ್ಯಾನಿಗೆ ಎತ್ತಿಹಾಕಿಕೊಂಡು ಹೋಗುವಂಥ ಕೇಂದ್ರಗಳೂ ಇವೆ. ಅಲ್ಲಿ ನಡೆಯುವುದು ಚಿಕಿತ್ಸೆಯೋ ಸೆರೆಯೋ ಎಂಬುದನ್ನು ನಿರ್ಣಯಿಸಲು ಈಗ ಕಾನೂನಿನ ಆಧಾರವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಮದ್ಯ ಹಾಗೂ ಮಾದಕವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿರುವುದರಿಂದ, ಇಂಥವರನ್ನು ಇರಿಸಿಕೊಂಡು ಚಿಕಿತ್ಸೆ ಮಾಡುವ ಸಂಸ್ಥೆಯು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಾಯಿತವಾಗಿರತಕ್ಕದ್ದು. ಸಂಕೋಲೆ ಹಾಕುವುದು, ಬಲವಂತವಾಗಿ ತಲೆ ಬೋಳಿಸುವುದು, ಕೂಲಿಯಿಲ್ಲದೆ ದುಡಿಸುವುದು ಇವು ನಿಷಿದ್ಧ. ಬಂಧುಗಳನ್ನು ಕಾಣುವ, ಫೋ‌ನಿನಲ್ಲಿ ಮಾತನಾಡುವ ಹಕ್ಕು ರೋಗಿಗಿದೆ. ತಾನಾಗಿ ಸೇರಿದವನು ತಾನಾಗಿ ಹೊರಡಬಹುದು. ಕೇಂದ್ರವನ್ನು ವಿಚಾರಿಸಲು ಹೋದವರು ಶುಲ್ಕದ ಮಾತಿಗೆ ಮೊದಲು ನೋಂದಣಿಪತ್ರವನ್ನು ತೋರಿಸಿರೆಂದು ಕೇಳಲಿ, ರಾತ್ರಿ ಫಿಟ್ಸ್ ಬಂದರೆ ಯಾವ ವೈದ್ಯರು ಬರುತ್ತಾರೆಂದು ಕೇಳಲಿ, ಬಿಡುಗಡೆಯಾದ ಮೇಲಿನ ಆರು ತಿಂಗಳಿಗೆ ಏನು ಏರ್ಪಾಡೆಂದು ಕೇಳಲಿ. ಮೊದಲ ತಿಂಗಳು ಭೇಟಿಗೆ ಅವಕಾಶವಿಲ್ಲವೆಂದು ಉತ್ತರ ಬಂದರೆ ಎದ್ದು ಬರುವುದು ಕ್ಷೇಮ.

ಗಾಂಜಾ, ಹೆರಾಯಿನ್ ಮೊದಲಾದ ನಿಷಿದ್ಧ ವಸ್ತುಗಳಿಗೆ ಸಿಕ್ಕಿದ ಮಕ್ಕಳ ತಂದೆತಾಯಿಗಳು ಸರ್ಕಾರಿ ಆಸ್ಪತ್ರೆಗೆ ಹೋಗಲು ಹಿಂಜರಿಯುವುದಕ್ಕೆ ಪೊಲೀಸರ ಭಯ ಮುಖ್ಯ ಕಾರಣ. 1985ರ ಮಾದಕದ್ರವ್ಯ ಅಧಿನಿಯಮದ 64-ಎ ಪ್ರಕರಣವು, ಸೇವನೆಯ ಅಥವಾ ಅಲ್ಪಪ್ರಮಾಣದ ಆರೋಪಕ್ಕೆ ಒಳಗಾದ ವ್ಯಸನಿಯು ತಾನಾಗಿ ಮುಂದೆ ಬಂದು ಸರ್ಕಾರ ನಡೆಸುವ ಅಥವಾ ಮಾನ್ಯಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನನ್ನು ಅಭಿಯೋಜನೆಯಿಂದ ವಿನಾಯಿತಿಗೊಳಿಸುತ್ತದೆ. ಚಿಕಿತ್ಸೆಯನ್ನು ಪೂರ್ತಿಮಾಡಬೇಕೆಂಬುದು ಷರತ್ತು.

ಹೆರಾಯಿನ್ ಮತ್ತು ಅದರ ಸಗೋತ್ರದ ನೋವುನಿವಾರಕ ಮಾತ್ರೆಗಳ ವಿಷಯದಲ್ಲಿ ದೂರದ, ಮುಚ್ಚಿದ ಬಾಗಿಲಿನ ಕೇಂದ್ರದ ಅಪಾಯ ಇನ್ನೂ ಹೆಚ್ಚಿನದು. ಕೆನಡದ ಷೆಪರ್ಡ್ ಸೀಗೆಲ್ 1982ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಹೆರಾಯಿನಿಗೆ ಒಗ್ಗಿದ್ದ ಇಲಿಗಳಿಗೆ ಒಂದು ದಿನ ದೊಡ್ಡ ಪ್ರಮಾಣವನ್ನು ಕೊಡಲಾಯಿತು. ನಿತ್ಯ ಕೊಡುತ್ತಿದ್ದ ಕೋಣೆಯಲ್ಲಿಯೇ ಅದನ್ನು ಪಡೆದವುಗಳಲ್ಲಿ ಮೂರನೆಯ ಒಂದು ಪಾಲು ಸತ್ತರೆ, ಅಪರಿಚಿತವಾದ ಕೋಣೆಯಲ್ಲಿ ಅಷ್ಟನ್ನೇ ಪಡೆದವುಗಳಲ್ಲಿ ಹೆಚ್ಚುಕಡಿಮೆ ಮೂರನೆಯ ಎರಡು ಪಾಲು ಸತ್ತುವು. ದೇಹದ ತಾಳಿಕೆಯಲ್ಲಿ ಕೋಣೆಯ ಪಾಲೂ ಇದೆಯೆಂದಾಯಿತು. ಮೂರು ತಿಂಗಳು ಗೋಡೆಗಳೊಳಗೆ ಇದ್ದವನ ತಾಳಿಕೆ ಹೇಗೂ ಇಳಿದಿರುತ್ತದೆ. ಬಯಕೆ ಮಾತ್ರ ಇಳಿದಿರುವುದಿಲ್ಲ. ಅವನು ಹೊರಬಂದ ಮೊದಲ ವಾರಗಳಲ್ಲಿ ಹಳೆಯ ಅಳತೆಯನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಆದುದರಿಂದ ಈ ವರ್ಗದ ರೋಗಿಗಳಿಗೆ ಬ್ಯುಪ್ರೆನಾರ್ಫಿನ್ ಎಂಬ ಮಾತ್ರೆಯನ್ನು ವೈದ್ಯರ ಕಣ್ಣೆದುರಿನಲ್ಲಿ ನಾಲಗೆಯ ಕೆಳಗೆ ಇರಿಸಿಕೊಳ್ಳುವ ಚಿಕಿತ್ಸೆಯು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಪರ್ಯಂತ ನಡೆಯುತ್ತದೆ. ಮೊದಮೊದಲು ಪ್ರತಿದಿನವೂ ಬರಬೇಕಾಗುವುದು. ಬೆಳಗ್ಗೆ ಬಂದು ಮಾತ್ರೆ ಕರಗುವವರೆಗೆ ಕುಳಿತಿದ್ದು ಅಲ್ಲಿಂದ ನೇರವಾಗಿ ಕೆಲಸಕ್ಕೆ ಹೋಗುವವರಿಗೆಂದು, ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಆಶ್ರಯದಲ್ಲಿ ಇಂಥ ಕೇಂದ್ರಗಳನ್ನು ದೇಶದ ಹಲವು ಕಡೆ ತೆರೆಯಲಾಗಿದೆ.